ಮೊಸರು

ಆ ಪದ ಕೋಡಿಬಾಗಕ್ಕೆ ಬಂದದ್ದು
ಹಡಗಿನ ಅಡುಗೆಮನೆಯಿಂದ.
ಎರಡು ವರ್ಷದ ನೌಕರಿ ಮುಗಿಸಿ ಸಾಂತಾನ್ ತಂದ
ಒಂದು ಟೇಪ್‌ರೆಕಾರ್ಡರು, ಮೂರು ನೈಲಾನ್ ಸೀರೆ,
ಮತ್ತೆ ಆಂಟ್ವರ್ಪಿನ ಮುದಿ ಅಡುಗೆಯವನೊಬ್ಬ
ಈರುಳ್ಳಿ ಹೆಚ್ಚುತ್ತ ಉಗುಳುತ್ತಿದ್ದ ಬೈಗುಳ:
ಮೋಸರ್.

"ಯಿದ್ದಿಶ್ ಮಾತು," ಅಂದ, ಜೆಟ್ಟಿಯ ಕಟ್ಟೆ ಮೇಲೆ ಕೂತು.
"ಅಂದರೆ ತನ್ನವರನ್ನೇ ಒಪ್ಪಿಸುವವ.
ಮುದುಕನ ಓಣಿಯಲ್ಲಿ ಅಂಥವನ ಪಕ್ಕ
ಯಾರೂ ಪ್ರಾರ್ಥನೆಗೂ ನಿಲ್ಲುತ್ತಿರಲಿಲ್ಲವಂತೆ."
ದೋಣಿಯವರು ಬಾಯಲ್ಲಿ ಹೊರಳಿಸಿ ನೋಡಿದರು.
ಮೋಸ ಗೊತ್ತಿದ್ದದ್ದೇ.
ನಾಲ್ಕು ದಿನಕ್ಕೆ ದೀರ್ಘ ಸವೆದು
ಬಾಲಕ್ಕೊಂದು ಉಕಾರ ಹತ್ತಿ
ಮೊಸರು ಆಯಿತು.

ಅನುಕೂಲವೇ ಆಯಿತು ಅನ್ನಿ.
ಮನೆಯಲ್ಲಿ ನಾವು ಕೊಂಕಣಿ; ಅನ್ನಕ್ಕೆ ಕಲಸುವುದು ಧಂಯ್.
ಮೊಸರು ಎಂಬುದು ಶಾಲೆಯ ಪುಸ್ತಕದಲ್ಲಿ
ಮೂರಕ್ಷರದ ಪದಗಳ ಸಾಲಿನಲ್ಲಿ
ಬಾಡಿಗೆಗೆ ಯಾರೂ ಬಾರದ ಕೋಣೆಯಂತೆ ಖಾಲಿ ಬಿದ್ದಿತ್ತು.
ಅಬಕಾರಿಯವರು ಧಾರವಾಡದ ಕಡೆಯವರು.
"ಇವತ್ತು ಮೊಸರುಂಟು" ಅಂತ ಆಚೆ ದಡಕ್ಕೆ ಕೂಗಿದರೆ
"ನಮಗೂ ಒಂದ್ ವಾಟಗಾ ಕಳಸ್ರಪಾ" ಅನ್ನುತ್ತಿದ್ದರು.

ಆಗ ಕಾಳಿಗೆ ಸೇತುವೆ ಇರಲಿಲ್ಲ.
ಸದಾಶಿವಗಡದಿಂದ ರಾತ್ರಿ ಹೊತ್ತು
ತಿಸರೆ ಬುಟ್ಟಿಗಳ ಅಡಿಯಲ್ಲಿ ಗೋವೆಯ ಫೆನ್ನಿ ದಾಟುತ್ತಿತ್ತು,
ದೋಣಿಗೊಂದು ಚಿಮಣಿ, ಗಾಜಿಗೆ ಮಸಿ ಬಳಿದು.
ಅಪ್ಪ, ರೋಹಿದಾಸ ಬಾನಾವಳಿ,
ತಾರಿಯಲ್ಲಿ ಚೀಟಿ ಹರಿಯುವವ.
ನೋಡಿಯೂ ನೋಡದಿರುವುದು
ಅವನ ನೌಕರಿಯ ಅರ್ಧ ಕೆಲಸ.

ನಾನು ಎರಡನೇ ಇಯತ್ತೆ.
ಹೊಸದಾಗಿ ಎಣಿಕೆ ಹತ್ತಿತ್ತು, ಜ್ವರ ಹತ್ತಿದ ಹಾಗೆ:
ಬಲೆಯ ಕಣ್ಣು, ಕಂಬದ ಕಾಗೆ, ಅಜ್ಜಿಯ ಕೆಮ್ಮು.
ಒಂದು ಮುಸ್ಸಂಜೆ ಚೀಟಿಯ ಕಿಟಕಿಗೆ ಒರಗಿ
ದಫೇದಾರ ಗುರುಪಾದಪ್ಪ ಕೇಳಿದ:
"ಶಾಣ್ಯಾಕಿ, ಮಗ್ಗಿ ಬರ್ತೈತೇನ?"
ಎರಡರದ್ದು ಒಪ್ಪಿಸಿದೆ. ಮೂರರದ್ದು ಒಪ್ಪಿಸಿದೆ.
"ನಿನ್ನಿ ರಾತ್ರಿ ಹೊಳಿಯಾಗ ದೀಪ ಎಷ್ಟಿದ್ವು?"
ಏಳು.
ಅದನ್ನೂ ಒಪ್ಪಿಸಿದೆ,
ಕೈಕಟ್ಟಿ, ನೆಟ್ಟಗೆ ನಿಂತು, ಬಾಯಿಪಾಠದ ರಾಗದಲ್ಲಿ.
ಎಲ್ಲಿ ದಡ ಹತ್ತಿದವು? ಗಾಳಿಮರದ ಹತ್ತಿರ.
ಪೆಪ್ಪರ್‌ಮಿಂಟು ಸಿಕ್ಕಿತು.
ಅರ್ಧ ಕಡಿದು ಅರ್ಧ ತಮ್ಮನಿಗೆ ಇಟ್ಟೆ.

ಗುರುವಾರ ಏಳನ್ನೂ ಹಿಡಿದರು.
ನೀರಿಗೆ ಹಾರಿದ ಚೂಡಾ ಹರಿಕಂತ್ರ ಮೂರು ದಿನ ಸಿಗಲಿಲ್ಲ;
ನಾಲ್ಕನೆಯ ದಿನ ಸಿಕ್ಕ, ಜೀವಂತ,
ಮಾಜಾಳಿಯಲ್ಲಿ ಅಕ್ಕನ ಮನೆಯ ಅಟ್ಟದ ಮೇಲೆ.
ಅದನ್ನು ಬೇರೆ ಯಾರೋ ಹೇಳಿದ್ದು, ನಾನಲ್ಲ.
ಪೇಪರಿನಲ್ಲಿ "ಖಚಿತ ಮಾಹಿತಿಯ ಮೇರೆಗೆ" ಅಂತ ಬಂತು.
ಖಚಿತ ಮಾಹಿತಿಗೆ ಎರಡು ಜಡೆ ಇತ್ತು,
ಮುಂದಿನ ಹಲ್ಲು ಇರಲಿಲ್ಲ.

ಕಿಟಕಿಯಲ್ಲಿ ಕೂರುವವ ಅಪ್ಪ. ಲೆಕ್ಕ ಬಲ್ಲವ ಅಪ್ಪ.
ಮರುದಿನದಿಂದ ಅವನು ಮೊಸರು.
ಕ್ಷೌರದಂಗಡಿಯ ಕತ್ತರಿ ಅವನ ಸರದಿಗೆ ಮಾತ್ರ ಮೊಂಡಾಯಿತು.
ಮೀನಿನವಳು ನಮ್ಮ ಅಂಗಳಕ್ಕೆ ಬರುವಾಗ
ಕೂಗುವುದು ನಿಲ್ಲಿಸಿ, ದಾಟಿ, ಮತ್ತೆ ಕೂಗಿದಳು.
ಅಪ್ಪ ಒಮ್ಮೆಯೂ "ನಾನಲ್ಲ" ಅನ್ನಲಿಲ್ಲ.
ಅಂದಿದ್ದರೆ "ಮತ್ತಾರು?" ಅನ್ನುತ್ತಿದ್ದರು.
ಆ ಕಿಟಕಿಯೊಳಗೆ ಇದ್ದದ್ದು
ಇನ್ನೊಂದೇ ಸ್ಟೂಲು, ಗಿಡ್ಡದ್ದು.

ಸೇತುವೆ ಬಂತು. ತಾರಿ ನಿಂತಿತು.
ಬೈತಖೋಲದ ಹುಡುಗರಿಗೆ ಈಗ ಮೊಸರೆಂದರೆ ಪ್ಯಾಕೆಟ್ಟು.
ನಾನು ಕನ್ನಡ ಶಾಲೆಯಲ್ಲಿ ಮೇಷ್ಟರಿಣಿ;
ಮಕ್ಕಳಿಗೆ ಮಗ್ಗಿ ಹೇಳಿ ಅನ್ನುತ್ತೇನೆ,
ಒಪ್ಪಿಸಿ ಅನ್ನುವುದಿಲ್ಲ. ಯಾಕೆಂದು ಯಾರೂ ಕೇಳಿಲ್ಲ.

ಅಪ್ಪ ಹೋಗುವ ಹಿಂದಿನ ವರ್ಷ, ಒಂದು ಮಧ್ಯಾಹ್ನ,
ಊಟದ ಕೊನೆಗೆ, ಜನ್ಮವೆಲ್ಲ ಆಡಿದ ಕೊಂಕಣಿ ಬಿಟ್ಟು
ಕನ್ನಡದಲ್ಲಿ, ಮೆಲ್ಲಗೆ, "ಮೊಸರು" ಅಂದ.
ಬಡಿಸು ಅನ್ನಲಿಲ್ಲ.
ತಟ್ಟೆ ನೋಡುತ್ತಿದ್ದನೋ, ನನ್ನನ್ನೋ.
ಬಡಿಸಿದೆ.
ಎರಡು ಸೌಟು. ಎಣಿಸಿದ್ದೇನೆ.